ಬೇಲಿಯಾಚೆಯ ರಸಿಕರು

ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಬಿಗಿದದ್ದೇಕೆ? ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಡೆಯ ಸಾಲಿನ ಕೇಳುಗನಿಗೂ ನಾದ ಮುಟ್ಟಲೆಂದು. ಬೆಂಗಳೂರಿನ ಕಛೇರಿಗಳನ್ನು ನೆನೆದಾಗಲೆಲ್ಲ ನನಗೆ ಆ ಕಡೆಯ ಸಾಲೇ ಕಣ್ಣಿಗೆ ಕಟ್ಟುತ್ತದೆ.

1905ರಲ್ಲಿ ಹುಟ್ಟಿದ ಗಾಯನ ಸಮಾಜ ಸದಸ್ಯರ ಸಭೆ. 1939ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಉತ್ಸವವಾದರೋ ಇಡೀ ಊರಿನ ಸಭೆ. ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ಟಿಕೀಟು ಕೊಂಡವರು ಕುರ್ಚಿಯ ಮೇಲೆ. ನಾನೂ ನನ್ನ ತಂದೆಯವರೂ ಬೇಲಿಯಾಚೆ, ಹಾಸಿಕೊಂಡ ವೃತ್ತಪತ್ರಿಕೆಯ ಮೇಲೆ. ಗಾಯಕರ ಮುಖ ಕಾಣುತ್ತಿರಲಿಲ್ಲ. ಆಲಾಪನೆಯ ಮೊದಲ ಎಳೆಯಲ್ಲೇ ತೋಡಿಯನ್ನೂ ಕಾಂಬೋಧಿಯನ್ನೂ ಗುರುತಿಸಲು ತಂದೆಯವರು ಕಲಿಸಿದ್ದು ಅಲ್ಲಿಯೇ.

1980ರಲ್ಲಿ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿಯೇ ಎದ್ದು ನಿಂತಿತು. ಒಳಗೆ ಸಾವಿರಕ್ಕೂ ಮಿಕ್ಕ ಆಸನಗಳು. ಬಸ್ಸಿನ ಸದ್ದಿಲ್ಲ, ಬೇಸಗೆಯ ಮಳೆಯ ಅಂಜಿಕೆಯಿಲ್ಲ. ಆ ಸುಖವನ್ನು ನಾನು ಅಲ್ಲಗಳೆಯಲಾರೆ. ಅದನ್ನು ಅನುಭವಿಸಿದವರಲ್ಲಿ ನಾನೂ ಒಬ್ಬ. ಆದರೆ ಭವನಕ್ಕೆ ಗೋಡೆಯುಂಟು, ಬೇಲಿಯಿಲ್ಲ. ಬೇಲಿ ಮನುಷ್ಯನನ್ನು ತಡೆದೀತು, ರಾಗವನ್ನು ತಡೆಯದು. ಗೋಡೆ ಎರಡನ್ನೂ ತಡೆಯುತ್ತದೆ. ದೂರದವನಿಗೂ ಕೇಳಿಸಲೆಂದು ತಂತಿ ಬಿಗಿದ ಮಹನೀಯರ ಹೆಸರಿನ ಬಾಗಿಲಲ್ಲಿ ನಿಂತಾಗಲೆಲ್ಲ ನನ್ನೊಳಗೆ ಒಂದೇ ಪ್ರಶ್ನೆ: ಟಿಕೀಟಿಗೆ ಕಾಸಿಲ್ಲದ ಒಬ್ಬ ತಂದೆ ಇಂದು ಮಗನನ್ನು ಎಲ್ಲಿ ಕೂರಿಸಿಕೊಂಡು ತೋಡಿಯ ಗುರುತು ಹೇಳಿಕೊಡಬೇಕು?