ಹನ್ನೆರಡು ಹಾಸಿಗೆಯ ಆಸ್ಪತ್ರೆ

ಮದ್ರಾಸಿನ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರನ್ನು ನಾವು ನೆನೆಯುವುದು ದೇವದಾಸಿ ಪದ್ಧತಿಯ ವಿರುದ್ಧ ಶಾಸನಸಭೆಯಲ್ಲಿ ಹೋರಾಡಿದ ಮಹಿಳೆಯೆಂದು. ಅವರ ಇನ್ನೊಂದು ಹೋರಾಟ ಹುಟ್ಟಿದ್ದು ಮನೆಯೊಳಗಿನ ಸಾವಿನಿಂದ. 1923ರಲ್ಲಿ ಅವರ ತಂಗಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಕ್ಕ ಡಾಕ್ಟರಾಗಿದ್ದೂ ಉಳಿಸಿಕೊಳ್ಳಲಾಗಲಿಲ್ಲ. ಈ ರೋಗಕ್ಕೆಂದೇ ಒಂದು ಆಸ್ಪತ್ರೆ ಬೇಕೆಂಬ ಅವರ ಹಟ ಈಡೇರಲು ಮೂವತ್ತೊಂದು ವರ್ಷ ಹಿಡಿಯಿತು.

ಹೇಗೂ ಸಾಯುವವರ ಮೇಲೆ ಸರಕಾರದ ಹಣ ಏಕೆ ಸುರಿಯಬೇಕು ಎಂಬುದು ಆಗಿನ ಅಧಿಕಾರಸ್ಥರ ಧೋರಣೆ. ಮೇಲ್ನೋಟಕ್ಕೆ ಲೆಕ್ಕಾಚಾರದಂತೆ ಕಾಣುವ ಈ ಮಾತಿನಲ್ಲಿ ಎಷ್ಟು ಕ್ರೌರ್ಯವಿದೆ ನೋಡಿ!

1954ರ ಜೂನ್ 18ರಂದು ಅಡ್ಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಶುರುವಾದಾಗ ಇದ್ದದ್ದು ಹನ್ನೆರಡು ಹಾಸಿಗೆ, ಇಬ್ಬರು ವೈದ್ಯರು. ಒಬ್ಬರು ಮುತ್ತುಲಕ್ಷ್ಮಿಯವರ ಮಗ ಡಾ. ಎಸ್. ಕೃಷ್ಣಮೂರ್ತಿ. ಇನ್ನೊಬ್ಬರು ಇಪ್ಪತ್ತೇಳು ವರ್ಷದ ಡಾ. ವಿ. ಶಾಂತಾ, ಸರ್ ಸಿ.ವಿ. ರಾಮನ್ನರ ಅಣ್ಣನ ಮೊಮ್ಮಗಳು. ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಓದಿದ್ದ ಅವರಿಗೆ ಸರಕಾರಿ ಆಸ್ಪತ್ರೆಯ ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟು ಇಲ್ಲಿಗೆ ಬಂದರು.

ಆ ದಶಕದಲ್ಲೇ ಕೆನಡಾದಿಂದ ಕೋಬಾಲ್ಟ್ ಯಂತ್ರ ಬಂತು. ದೇಹದ ಆಳದಲ್ಲಿರುವ ಗಡ್ಡೆಗೂ ಅದರ ಕಿರಣ ತಲುಪುತ್ತದೆ. ಆದರೆ ಯಂತ್ರ ತಂದಿಟ್ಟರೆ ಮುಗಿಯಲಿಲ್ಲ. ಕೋಬಾಲ್ಟ್-60 ಸುಮಾರು ಐದೂಕಾಲು ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ. ತಿಂಗಳಿಗೆ ಶೇಕಡಾ ಒಂದರಷ್ಟು ಕಿರಣ ಕುಂದುತ್ತಾ ಹೋದಂತೆ ಪ್ರತಿ ರೋಗಿ ಯಂತ್ರದ ಕೆಳಗೆ ಮಲಗುವ ಹೊತ್ತು ಹೆಚ್ಚುತ್ತದೆ, ಹೊರಗೆ ಕಾಯುವವರ ಸಾಲೂ ಬೆಳೆಯುತ್ತದೆ. ಕೊನೆಗೆ ಹೊಸ ಕೋಬಾಲ್ಟ್ ಕೊಳ್ಳಲೇಬೇಕು. ಉದ್ಘಾಟನೆಯ ದಿನ ಹಾರ ಹಾಕಿಸಿಕೊಳ್ಳಲು ದಾನಿಗಳು ಸಿಗುತ್ತಾರೆ; ಐದಾರು ವರ್ಷದ ನಂತರ ಮತ್ತೆ ಕೈ ಚಾಚಿದಾಗ ಸಿಗುವವರು ಕಡಿಮೆ. ಹೀಗಾಗಿ ಶಾಂತಾ ಅವರ ಡಾಕ್ಟರಿಕೆಯಲ್ಲಿ ಹಣ ಕೂಡಿಸುವುದೂ ಸೇರಿತು. ಉಳ್ಳವರಿಂದ ಪಡೆದು, ಬಹುಪಾಲು ರೋಗಿಗಳಿಗೆ ಉಚಿತವಾಗಿ ಇಲ್ಲವೇ ಕಡಿಮೆ ದರದಲ್ಲಿ ಚಿಕಿತ್ಸೆ ಕೊಡುವುದು ಅಲ್ಲಿನ ಪದ್ಧತಿಯಾಯಿತು.

ಔಷಧಿ ಉಚಿತವಾದರೂ ಬಡವನ ಕಷ್ಟ ತೀರುವುದಿಲ್ಲ. ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಎರಡು ವರ್ಷಕ್ಕೂ ಮೀರಿ ಚಿಕಿತ್ಸೆ ಬೇಕಾಗುತ್ತದೆ. ಬಸ್ಸಿನ ಚಾರ್ಜು, ಊಟ, ಅಪ್ಪನ ದಿನಗೂಲಿ ನಷ್ಟ. ಮಗು ತುಸು ಚೇತರಿಸಿಕೊಂಡರೆ ಗುಣವಾಯಿತೆಂದು ಊರಿಗೆ ಹೊರಟುಬಿಡುತ್ತಾರೆ. ರೋಗ ಮರುಕಳಿಸುತ್ತದೆ. ಹೋದವರನ್ನು ಪತ್ರ ಬರೆದು ಕರೆಸುವುದು, ಬಾರದವರನ್ನು ಹುಡುಕುವುದೂ ಚಿಕಿತ್ಸೆಯೇ.

ಇಷ್ಟಕ್ಕೂ ಈ ರೋಗ ಎಷ್ಟು ಜನಕ್ಕಿದೆ? 1980ರ ದಶಕದ ಆರಂಭದಲ್ಲಿ ಮದ್ರಾಸು ಮತ್ತು ನಮ್ಮ ಬೆಂಗಳೂರಿನಲ್ಲಿ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಬೆಂಗಳೂರಿನಲ್ಲಿ ಈ ಕೆಲಸ ಹೊತ್ತದ್ದು 1973ರಲ್ಲಿ ತೆರೆದ, ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಆಸ್ಪತ್ರೆ. ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಮರಣದ ದಾಖಲೆ ತಿರುವಿ ಹೆಸರು ಬರೆದುಕೊಂಡರು. ಹೇಗೂ ಸಾಯುವವರು ಎಂದವರಿಗೆ ಈ ಎಣಿಕೆ ಬೇಕಿರಲಿಲ್ಲ.

ಶಾಂತಾ ಅವರಿಗೆ 2005ರಲ್ಲಿ ಮ್ಯಾಗ್ಸೆಸೆ, 2016ರಲ್ಲಿ ಪದ್ಮವಿಭೂಷಣ ಬಂತು. ಅವರು ಮದುವೆಯಾಗಲಿಲ್ಲ. 1955ರಲ್ಲಿ ಆಸ್ಪತ್ರೆಯ ಆವರಣದ ಕೋಣೆಗೆ ವಾಸಕ್ಕೆ ಬಂದವರು, 2021ರ ಜನವರಿ 19ರಂದು ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಆವರಣ ಬಿಡಲಿಲ್ಲ. ಅಷ್ಟರಲ್ಲಿ ಹಾಸಿಗೆಗಳು ಐನೂರು ದಾಟಿದ್ದವು.