ಅಫ್ಲಟಾಕ್ಸಿನ್ ಮತ್ತು ಜೀನ್ ಉತ್ಪರಿವರ್ತನೆ

ಡಿಎನ್‌ಎಯಲ್ಲಿ ಒಂದಕ್ಷರ ಬದಲಾಗುವುದು, ಅಳಿಯುವುದು, ಹೊಸದು ಸೇರುವುದು, ವರ್ಣತಂತುವಿನ ತುಂಡೇ ಜಾಗ ಬದಲಿಸುವುದು ಎಲ್ಲವೂ ಉತ್ಪರಿವರ್ತನೆಗಳೇ. ನಕಲು ಮಾಡುವಾಗಿನ ತಪ್ಪು ಹಲವಕ್ಕೆ ಕಾರಣ. ಹಾಗೆಂದು ಎಲ್ಲವನ್ನೂ ಆಕಸ್ಮಿಕವೆನ್ನುವಂತಿಲ್ಲ; ಹೊರಗಿನ ವಿಷವೂ ಕಾರಣವಾಗಬಹುದು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಬೆಳೆಯುವ ಶೇಂಗಾ, ಮೆಕ್ಕೆಜೋಳಗಳನ್ನೇ ನೋಡಬಹುದು. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ, ಇಲ್ಲವೇ ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ, ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ವಿಷ ಸೇರಿಕೊಳ್ಳುತ್ತದೆ. ಯಕೃತ್ತಿನ ಕಿಣ್ವಗಳು ಅದನ್ನು ಹೊರಹಾಕಲು ಹೋಗಿ ಇನ್ನಷ್ಟು ಉಗ್ರವಾಗಿಸುತ್ತವೆ; ಆ ರೂಪ ಡಿಎನ್‌ಎಯ ಗ್ವಾನಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ದುರಸ್ತಿಗೆ ಮೊದಲೇ ಡಿಎನ್‌ಎ ನಕಲಾದರೆ ಗ್ವಾನಿನ್ ಇದ್ದಲ್ಲಿ ಥೈಮಿನ್ ಬಂದು ಕೂರುತ್ತದೆ. ಹಾನಿಯು ಶಾಶ್ವತ ಉತ್ಪರಿವರ್ತನೆಯಾಗುವುದು ಹೀಗೆ. ಚೀನಾ ಮತ್ತು ದಕ್ಷಿಣ ಆಫ್ರಿಕಾದ ಯಕೃತ್ ಕ್ಯಾನ್ಸರ್ ಗಡ್ಡೆಗಳಲ್ಲಿ, ಕ್ಯಾನ್ಸರ್ ತಡೆಯುವ ಪಿ53 ಜೀನಿನ ಮೂರಕ್ಷರದ 249ನೇ ಕೋಡಾನ್‌ನಲ್ಲಿ ಇದೇ ಗುರುತು ಮತ್ತೆ ಮತ್ತೆ ಕಂಡದ್ದು 1991ರಲ್ಲಿ ಪ್ರಕಟವಾಯಿತು.

ಯಕೃತ್ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ವೈರಸ್ ಕಾರಣವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಫ್ಲಟಾಕ್ಸಿನ್ ಕಡಿಮೆಯಿರುವ ದೇಶಗಳಲ್ಲಿ ಈ ಗುರುತು ವಿರಳ. ಎರಡೂ ಕೂಡಿದ ಕಡೆ ಅಪಾಯ ಹಲವು ಪಟ್ಟು. ಹುರಿದರೂ ವಿಷ ಪೂರ್ತಿ ಹೋಗದು. ಬೂಷ್ಟು ಹಿಡಿದ, ಮುರುಟಿದ ಬೀಜವನ್ನು ಆರಿಸಿ ಎಸೆಯಬೇಕು. ದನಕ್ಕೂ ಹಾಕಬಾರದು, ಏಕೆಂದರೆ ಆ ವಿಷ ಹಾಲಿಗೂ ಇಳಿಯುತ್ತದೆ.