ಅಳಿಸಿಹೋದ ಚುಕ್ಕೆಯಿಂದ ಅಟೋಸೆಕೆಂಡಿನವರೆಗೆ

1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ ಕೆಂಪು ಬೆಳಕನ್ನು ಸ್ಫಟಿಕದೊಳಗೆ ಹಾಯಿಸಿದರು. ಆಚೆ ಬದಿಯಲ್ಲಿ ಕೆಂಪಿನೊಂದಿಗೆ ಅದರ ಎರಡು ಪಟ್ಟು ಆವರ್ತನದ ನೇರಳಾತೀತ ಬೆಳಕೂ ತುಸು ಹೊರಬಂತು. ಛಾಯಾಫಲಕದ ಮೇಲೆ ಅದು ಬಿಟ್ಟ ಗುರುತು ಒಂದು ಸಣ್ಣ ಚುಕ್ಕೆ. ಲೇಖನ ಅಚ್ಚಾಗುವಾಗ ಆ ಚುಕ್ಕೆಯನ್ನು ಕೊಳೆಯೆಂದು ಭಾವಿಸಿ ಅಳಿಸಿಬಿಟ್ಟರು! ಖಾಲಿ ಜಾಗವನ್ನು ತೋರಿಸುವ ಬಾಣವಷ್ಟೇ ಉಳಿಯಿತು.

ಇನ್ನೂ ಹೆಚ್ಚಿನ ಆವರ್ತನದ, ಅಂದರೆ ತೀವ್ರ ನೇರಳಾತೀತ ಬೆಳಕು ಬೇಕೆಂದರೆ ಸ್ಫಟಿಕ ಪ್ರಯೋಜನಕ್ಕೆ ಬಾರದು. ಅದೇ ಆ ಬೆಳಕನ್ನು ನುಂಗಿಬಿಡುತ್ತದೆ. ಗಾಳಿಯೂ ನುಂಗುತ್ತದೆ. ಹಾಗಾಗಿ ವಿಜ್ಞಾನಿಗಳು ನಿರ್ವಾತದಲ್ಲಿ ಚಿಮ್ಮುವ ತೆಳು ಅನಿಲದತ್ತ ಹೊರಳಿದರು. 1987ರಲ್ಲಿ ಷಿಕಾಗೋದ ತಂಡವೊಂದು ನಿಯಾನ್ ಅನಿಲದಿಂದ 17 ಪಟ್ಟು ಆವರ್ತನದ ಬೆಳಕು ಪಡೆಯಿತು. ಪ್ಯಾರಿಸ್ ಬಳಿಯ ಸಾಕ್ಲೇಯಲ್ಲಿ ಆನ್ ಲುಯಿಲಿಯೇ ಇದ್ದ ತಂಡ ಆರ್ಗಾನ್‌ನಲ್ಲಿ 33 ಪಟ್ಟಿನವರೆಗೆ ಹೋಯಿತು. 1988ರಲ್ಲಿ ಅದು ಪ್ರಕಟವಾಯಿತು. ಆವರ್ತನ ಏರಿದಂತೆ ಬೆಳಕು ಕ್ಷೀಣಿಸುತ್ತಲೇ ಹೋಗಬೇಕೆಂಬುದು ಅಂದಿನ ನಂಬಿಕೆ. ಆದರೆ ಐದು, ಏಳು, ಒಂಬತ್ತು ಎಂದು ಏರುತ್ತಾ ಹೋದರೂ ಅದು ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಉಳಿದು, ಕೊನೆಯಲ್ಲಿ ಥಟ್ಟನೆ ಕುಸಿಯಿತು. ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇದೇ. ಲೆಕ್ಕಕ್ಕೆ ಸಿಗದ ಈ ಫಲಿತಾಂಶವನ್ನು ಯಾರೂ ಕೊಳೆಯೆಂದು ಒರೆಸಿಹಾಕಲಿಲ್ಲ.

ವಿವರಣೆ ದೊರೆತದ್ದು 1993ರಲ್ಲಿ. ಕೆನಡಾದ ಪಾಲ್ ಕೋರ್ಕಂ, ಅಮೆರಿಕದ ಕೆನೆತ್ ಕುಲಾಂಡರ್ ಅದನ್ನು ಬೇರೆ ಬೇರೆಯಾಗಿ ಮುಂದಿಟ್ಟರು. ಲೇಸರಿನ ಪ್ರಬಲ ಕ್ಷೇತ್ರ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ದೂರ ಒಯ್ಯುತ್ತದೆ. ಮರುಕ್ಷಣವೇ ಕ್ಷೇತ್ರದ ದಿಕ್ಕು ಬದಲಾಗಿ ಎಲೆಕ್ಟ್ರಾನ್ ತವರಿಗೆ ಮರಳುತ್ತದೆ. ದಾರಿಯಲ್ಲಿ ಗಳಿಸಿದ ಶಕ್ತಿಯನ್ನೆಲ್ಲ ಆಗ ಬೆಳಕಾಗಿ ಬಿಟ್ಟುಕೊಡುತ್ತದೆ.

ಇದು ತಿಳಿದ ಮೇಲೆ ಲಗಾಮು ಕೈಗೆ ಬಂತು. ಲೇಸರ್ ಕ್ಷೇತ್ರವನ್ನು ವೃತ್ತಾಕಾರವಾಗಿ ತಿರುಗಿಸಿದರೆ ಎಲೆಕ್ಟ್ರಾನ್ ದಾರಿ ತಪ್ಪುತ್ತದೆ, ಬೆಳಕು ಆರಿಹೋಗುತ್ತದೆ. ಇನ್ನೊಂದು ತೊಡಕು, ಅಸಂಖ್ಯ ಪರಮಾಣುಗಳ ಬೆಳಕು ಒಂದೇ ಹೆಜ್ಜೆ ಹಾಕಬೇಕು. ಇಲ್ಲವಾದರೆ ಒಂದನ್ನೊಂದು ಅಳಿಸುತ್ತವೆ. 1998ರಲ್ಲಿ ಅದೇ ಮಿಷಿಗನ್‌ನಲ್ಲಿ ಮಾರ್ಗರೆಟ್ ಮರ್ನೇನ್ ಮತ್ತು ಹೆನ್ರಿ ಕ್ಯಾಪ್ಟೀನ್ ತಂಡ ಟೊಳ್ಳು ಗಾಜಿನೆಳೆಯಲ್ಲಿ ಅನಿಲ ತುಂಬಿ, ಒತ್ತಡವನ್ನು ಹೊಂದಿಸಿ ಇದನ್ನು ಸಾಧಿಸಿತು. 2000ದಲ್ಲಿ ಅವರು ಲೇಸರ್ ಮಿಡಿತದ ಆಕಾರವನ್ನೇ ತಿದ್ದಿದರು. ಕಂಪ್ಯೂಟರ್ ಸಾಲು ಸಾಲು ಆಕಾರಗಳನ್ನು ಪರೀಕ್ಷಿಸಿ, ಸೋತವನ್ನು ಬಿಟ್ಟು, ಗೆದ್ದವನ್ನು ಬೆರೆಸಿ ಮುಂದುವರಿಯುತ್ತಿತ್ತು. ಬೇಕಾದ ಒಂದು ಆವರ್ತನವನ್ನಷ್ಟೇ ಹೆಚ್ಚಿಸುವುದೂ ಹೀಗೆ ಸಾಧ್ಯವಾಯಿತು.

ಈಜಿಪ್ಟ್ ಮೂಲದ ಅಹ್ಮದ್ ಝುವೈಲ್ ಫೆಮ್ಟೊಸೆಕೆಂಡ್ ಮಿಡಿತಗಳಿಂದ ಅಣುಗಳ ಚಲನೆಯನ್ನು ತೋರಿಸಿ 1999ರ ನೊಬೆಲ್ ಪಡೆದಿದ್ದರು. ಎಲೆಕ್ಟ್ರಾನ್ ಅದಕ್ಕಿಂತಲೂ ಚುರುಕು. ಅದಕ್ಕೆ ಬೇಕಾದದ್ದು ಅಟೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದಷ್ಟು ಕಾಲ. 2001ರಲ್ಲಿ ಫ್ರಾನ್ಸಿನ ಪಿಯೆರ್ ಅಗೊಸ್ತಿನಿ 250 ಅಟೋಸೆಕೆಂಡಿನ ಮಿಡಿತಗಳ ಸರಣಿಯನ್ನು ಅಳೆದರು. ಅದೇ ವರ್ಷ ವಿಯೆನ್ನಾದಲ್ಲಿ ಫೆರೆಂಕ್ ಕ್ರೌಸ್ ತಂಡ 650 ಅಟೋಸೆಕೆಂಡಿನ ಒಂಟಿ ಮಿಡಿತವನ್ನು ಬೇರ್ಪಡಿಸಿತು. 2003ರಲ್ಲಿ ಮಿಡಿತದೊಳಗಿನ ಅಲೆಯ ಶಿಖರ ಎಲ್ಲಿ ಬೀಳಬೇಕೆಂಬುದೂ ಹಿಡಿತಕ್ಕೆ ಬಂತು.

2023ರ ನೊಬೆಲ್ ಲುಯಿಲಿಯೇ, ಅಗೊಸ್ತಿನಿ, ಕ್ರೌಸ್ ಅವರಿಗೆ ಸಂದಿತು. ಮೂವರಿಗಿಂತ ಹೆಚ್ಚು ಮಂದಿಗೆ ಹಂಚುವಂತಿಲ್ಲವೆಂಬ ನಿಯಮದಿಂದ ಕೋರ್ಕಂ ಹೊರಗುಳಿದದ್ದು ನಮಗೆ ಸರಿಕಾಣುವುದಿಲ್ಲ. 2022ರ ವುಲ್ಫ್ ಪ್ರಶಸ್ತಿಯಲ್ಲಿ ಲುಯಿಲಿಯೇ ಮತ್ತು ಕ್ರೌಸ್ ಜೊತೆಗೆ ಅವರ ಹೆಸರೂ ಇತ್ತು.